ಅಗ್ಗದ ಪುಟ್ಟ ಆಸಿಲೋಸ್ಕೋಪ್ ನಿಮ್ಮ ಕೆಲಸಕ್ಕೆ ಒದಗುತ್ತದೆಯೇ? ಒರೆಗೆ ಹಚ್ಚಿ ನೋಡುವ ಸಮಗ್ರ ಮಾರ್ಗದರ್ಶಿ

ಹವ್ಯಾಸಕ್ಕೆಂದು ಎಲೆಕ್ಟ್ರಾನಿಕ್ಸ್ ಹಿಡಿದವರ ಮೇಜಿನ ಮೇಲೆ ಮೊದಲು ಬರುವುದು ಮಲ್ಟಿಮೀಟರ್. ವೋಲ್ಟೇಜ್ ಎಷ್ಟಿದೆ ಎಂದು ಅದು ಹೇಳುತ್ತದೆ. ಹೇಗೆ ಏರಿಳಿಯುತ್ತಿದೆ ಎಂದು ಹೇಳುವುದಿಲ್ಲ. ಒಂದು ಪಿನ್ನಿನಲ್ಲಿ 2.5 ವೋಲ್ಟ್ ಎಂದು ಮೀಟರ್ ತೋರಿಸಿದರೆ ಅಲ್ಲಿ ಅಲುಗಾಡದೆ ನಿಂತ 2.5 ವೋಲ್ಟ್ ಇರಬಹುದು. 0 ಮತ್ತು 5 ವೋಲ್ಟ್‌ಗಳ ನಡುವೆ ಸಮಸಮವಾಗಿ ಕುಣಿಯುತ್ತಿರುವ ಪಲ್ಸ್‌ಗಳೂ ಇರಬಹುದು. ಈ ಎರಡರ ವ್ಯತ್ಯಾಸವನ್ನು ಕಣ್ಣಿಗೆ ಕಾಣಿಸುವುದು ಆಸಿಲೋಸ್ಕೋಪ್. ಮೇಜಿನ ಮೇಲಿಡುವ ದೊಡ್ಡ ಸ್ಕೋಪ್ ಕೊಳ್ಳಲು ಎಲ್ಲರಿಗೂ ಆಗುವುದಿಲ್ಲ. ಆದ್ದರಿಂದಲೇ ಅಂಗೈಯಲ್ಲಿ ಹಿಡಿಯಬಹುದಾದ, ಬ್ಯಾಟರಿಯಲ್ಲಿ ನಡೆಯುವ ಅಗ್ಗದ ಸ್ಕೋಪ್‌ಗಳ ಕಡೆಗೆ ಮನಸ್ಸು ಹೋಗುತ್ತದೆ.

‘ಇದು ಒಳ್ಳೆಯದೇ?’ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ‘ನನ್ನ ಸಿಗ್ನಲ್‌ಗಳಿಗೆ ಇದು ಸಾಕೇ?’ ಎಂದು ಕೇಳಿದರೆ ಸಿಗುತ್ತದೆ, ಅದೂ ಲೆಕ್ಕ ಹಾಕಿ ಹೇಳಬಹುದಾದ ಉತ್ತರ. ಇಲ್ಲಿ ಒಂದು ಅಪಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಸ್ಕೋಪ್ ತನ್ನ ಶಕ್ತಿಗೆ ಮೀರಿದ ಸಿಗ್ನಲ್ ಬಂದಾಗ ‘ನನಗೆ ತಿಳಿಯದು’ ಎಂದು ಪರದೆಯನ್ನು ಖಾಲಿ ಬಿಡುವುದಿಲ್ಲ. ಏನೋ ಒಂದು ಚಿತ್ರವನ್ನು ಬಿಡಿಸಿಯೇ ಬಿಡಿಸುತ್ತದೆ. ಆ ಚಿತ್ರ ತಪ್ಪಾಗಿದ್ದರೂ ನೋಡಲು ಅಚ್ಚುಕಟ್ಟಾಗಿಯೇ ಇರುತ್ತದೆ. ಹೀಗಾಗಿ ಅಗ್ಗದ ಸ್ಕೋಪ್ ಕೊಳ್ಳುವವರು ಅದರ ಗಡಿ ಎಲ್ಲಿದೆ ಎಂದು ತಿಳಿದುಕೊಳ್ಳಲೇಬೇಕು. ಗಡಿ ಗೊತ್ತಿದ್ದರೆ ಅದು ನಂಬಿಕೆಗೆ ಅರ್ಹವಾದ ಉಪಕರಣ. ಗೊತ್ತಿಲ್ಲದಿದ್ದರೆ ಸರಿಯಿರುವ ಸರ್ಕ್ಯೂಟನ್ನು ಕೆಡಿಸಿ ಕೂರುವಂತೆ ಮಾಡುವ ಉಪಕರಣ.

ಹಂತ 1: ನಿಮ್ಮ ಸಿಗ್ನಲ್‌ಗಳ ಪಟ್ಟಿ ಮಾಡಿ

ಸ್ಕೋಪಿನ ವಿವರಣಾ ಪಟ್ಟಿ ತೆರೆಯುವ ಮುನ್ನ ಒಂದು ಹಾಳೆ ತೆಗೆದುಕೊಳ್ಳಿ. ಕಳೆದ ಕೆಲವು ತಿಂಗಳುಗಳಲ್ಲಿ ಕಟ್ಟಿದ್ದು, ಮುಂದೆ ಕಟ್ಟಬೇಕೆಂದಿರುವುದು ಎಲ್ಲವನ್ನೂ ಬರೆದು, ಪ್ರತಿಯೊಂದರ ಎದುರು ಅದರ ವೇಗವನ್ನು ಬರೆಯಿರಿ. ಹವ್ಯಾಸಿಗಳ ಮೇಜಿನಲ್ಲಿ ಸಾಮಾನ್ಯವಾಗಿ ಎದುರಾಗುವ ಸಂಖ್ಯೆಗಳು ಇವು.

ಧ್ವನಿಯ ಸರ್ಕ್ಯೂಟುಗಳು 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್ ಒಳಗೆ ಮುಗಿಯುತ್ತವೆ. ಸರ್ವೋ ಮೋಟರಿಗೆ ಸಾಮಾನ್ಯವಾಗಿ ಸೆಕೆಂಡಿಗೆ 50 ಸಲ, 1ರಿಂದ 2 ಮಿಲಿಸೆಕೆಂಡ್ ಅಗಲದ ಪಲ್ಸ್ ಹೋಗುತ್ತದೆ. ಆರ್ಡುಯಿನೊ ಊನೊ ಎಂಬ ಮೈಕ್ರೋಕಂಟ್ರೋಲರ್ ಬೋರ್ಡಿನ ಪಿಡಬ್ಲ್ಯುಎಮ್ (ಪಲ್ಸಿನ ಅಗಲ ಬದಲಿಸಿ ಶಕ್ತಿಯನ್ನು ಹತೋಟಿಯಲ್ಲಿಡುವ ಸಿಗ್ನಲ್) ಹೆಚ್ಚಿನ ಪಿನ್‌ಗಳಲ್ಲಿ ಸುಮಾರು 490 ಹರ್ಟ್ಸ್, 5 ಮತ್ತು 6ನೆಯ ಪಿನ್‌ಗಳಲ್ಲಿ ಸುಮಾರು 980 ಹರ್ಟ್ಸ್. ಬಹುಪಾಲು ಟಿವಿ ರಿಮೋಟ್‌ಗಳ ಇನ್‌ಫ್ರಾರೆಡ್ ಸಿಗ್ನಲ್ 38 ಕಿಲೋಹರ್ಟ್ಸ್ ಆಸುಪಾಸು. ದೂರ ಅಳೆಯುವ ಅಲ್ಟ್ರಾಸಾನಿಕ್ ಮಾಡ್ಯೂಲ್ 40 ಕಿಲೋಹರ್ಟ್ಸ್. ಸೀರಿಯಲ್ ಸಂವಹನದಲ್ಲಿ 9600 ಬಾಡ್ ಎಂದರೆ ಒಂದು ಬಿಟ್ಟಿಗೆ 104 ಮೈಕ್ರೋಸೆಕೆಂಡ್; 115200 ಬಾಡ್ ಎಂದರೆ 8.7 ಮೈಕ್ರೋಸೆಕೆಂಡ್. ಇಲ್ಲಿಯವರೆಗಿನ ಎಲ್ಲವೂ ನಿಧಾನದ ಲೋಕ.

ಮುಂದಿನದು ಬೇರೆ. ಚಿಪ್‌ಗಳು ಎರಡು ತಂತಿಗಳಲ್ಲಿ ಮಾತಾಡಿಕೊಳ್ಳುವ ಐ2ಸಿ ಬಸ್ 100 ಅಥವಾ 400 ಕಿಲೋಹರ್ಟ್ಸ್. ಬಣ್ಣದ ಎಲ್‌ಇಡಿ ಪಟ್ಟಿಗಳಲ್ಲಿರುವ ಡಬ್ಲ್ಯುಎಸ್2812 ಚಿಪ್‌ಗೆ ಸೆಕೆಂಡಿಗೆ 8 ಲಕ್ಷ ಬಿಟ್ ಹೋಗುತ್ತವೆ; ಅದರಲ್ಲಿ 0 ಮತ್ತು 1ರ ವ್ಯತ್ಯಾಸ ತಿಳಿಯಲು 0.4 ಮೈಕ್ರೋಸೆಕೆಂಡ್ ಪಲ್ಸನ್ನು 0.8 ಮೈಕ್ರೋಸೆಕೆಂಡ್ ಪಲ್ಸಿನಿಂದ ಬೇರ್ಪಡಿಸಿ ನೋಡಬೇಕು. ವೋಲ್ಟೇಜ್ ಇಳಿಸುವ ಎಲ್‌ಎಮ್2596 ಮಾಡ್ಯೂಲ್ 150 ಕಿಲೋಹರ್ಟ್ಸ್‌ನಲ್ಲಿ ಸ್ವಿಚ್ ಆಗುತ್ತದೆ. ಏರಿಸುವ ಎಮ್‌ಟಿ3608 ಮಾಡ್ಯೂಲ್ 1.2 ಮೆಗಾಹರ್ಟ್ಸ್‌ನಲ್ಲಿ. ಚಿಪ್‌ಗಳ ನಡುವಿನ ಇನ್ನೊಂದು, ಹೆಚ್ಚು ವೇಗದ ಸಂಪರ್ಕವಾದ ಎಸ್‌ಪಿಐ ಬಸ್ ಹಲವು ಮೆಗಾಹರ್ಟ್ಸ್ ಮುಟ್ಟುತ್ತದೆ, ಮೈಕ್ರೋಕಂಟ್ರೋಲರಿನ ಕ್ರಿಸ್ಟಲ್ ಅನೇಕ ಬೋರ್ಡುಗಳಲ್ಲಿ 16 ಮೆಗಾಹರ್ಟ್ಸ್.

ಪಟ್ಟಿ ಮಾಡುವಾಗ ಪ್ರತಿ ಸಾಲಿನ ಪಕ್ಕದಲ್ಲಿ ಇನ್ನೊಂದು ವಿಷಯ ಬರೆಯಿರಿ: ಅಲ್ಲಿ ನಿಮಗೆ ಏನು ತಿಳಿಯಬೇಕು? ಸಿಗ್ನಲ್ ಇದೆಯೋ ಇಲ್ಲವೋ ಎಂಬುದೇ, ಪಲ್ಸಿನ ಅಗಲವೇ, ಅಥವಾ ಅಂಚಿನ ಆಕಾರವೇ? ಮೊದಲನೆಯದಕ್ಕೆ ತೀರಾ ಸಾಧಾರಣ ಸ್ಕೋಪ್ ಸಾಕು. ಮೂರನೆಯದಕ್ಕೆ ಅದೇ ಸಿಗ್ನಲ್ಲಿಗೆ ಹತ್ತಾರು ಪಟ್ಟು ವೇಗದ ಸ್ಕೋಪ್ ಬೇಕಾಗಬಹುದು.

ಹಂತ 2: ಬ್ಯಾಂಡ್‌ವಿಡ್ತ್ ಎಂಬ ಮೊದಲ ಗೋಡೆ

ಸ್ಕೋಪಿಗೆ 1 ವೋಲ್ಟಿನ ಸೈನ್ ಅಲೆ ಕೊಟ್ಟು ಆವರ್ತನವನ್ನು ಏರಿಸುತ್ತಾ ಹೋಗಿ. ಪರದೆಯ ಮೇಲಿನ ಎತ್ತರ ಒಂದು ಹಂತದಲ್ಲಿ 0.707 ವೋಲ್ಟಿಗೆ ಇಳಿಯುತ್ತದೆ. ಆ ಆವರ್ತನವೇ ಬ್ಯಾಂಡ್‌ವಿಡ್ತ್. ಅಂದರೆ 10 ಮೆಗಾಹರ್ಟ್ಸ್ ಬ್ಯಾಂಡ್‌ವಿಡ್ತ್ ಎಂದರೆ 10 ಮೆಗಾಹರ್ಟ್ಸ್‌ವರೆಗೆ ಸರಿಯಾಗಿ ತೋರಿಸುತ್ತದೆ ಎಂದಲ್ಲ. ಅಲ್ಲಿಗೆ ಬರುವಷ್ಟರಲ್ಲಿ ಶೇ. 30ರಷ್ಟು ಎತ್ತರ ಸೋರಿಹೋಗಿರುತ್ತದೆ.

ಚೌಕಾಕಾರದ ಅಲೆಯ ವಿಷಯದಲ್ಲಿ ಗೋಡೆ ಇನ್ನೂ ಮೊದಲೇ ಎದುರಾಗುತ್ತದೆ. 1 ಮೆಗಾಹರ್ಟ್ಸ್ ಚೌಕ ಅಲೆಯೊಳಗೆ 3, 5, 7 ಮೆಗಾಹರ್ಟ್ಸ್‌ಗಳ ಅಂಶಗಳೂ ಇರುತ್ತವೆ. ಅದರ ಮೂಲೆಗಳು ಮೂಲೆಗಳಾಗಿ ಕಾಣುವುದು ಅವುಗಳಿಂದಲೇ. ಹಾಗಾಗಿ ಡಿಜಿಟಲ್ ಸಿಗ್ನಲ್ಲಿನ ಆವರ್ತನಕ್ಕಿಂತ ಕನಿಷ್ಠ 5 ಪಟ್ಟು ಬ್ಯಾಂಡ್‌ವಿಡ್ತ್ ಇರಲಿ ಎಂಬ ನಿಯಮ ರೂಢಿಯಲ್ಲಿದೆ.

ಇದಕ್ಕಿಂತ ಉಪಯುಕ್ತವಾದ ಸೂತ್ರ ಇನ್ನೊಂದಿದೆ. 0.35 ಅನ್ನು ಬ್ಯಾಂಡ್‌ವಿಡ್ತ್‌ನಿಂದ ಭಾಗಿಸಿದರೆ ಆ ಸ್ಕೋಪ್ ತೋರಿಸಬಲ್ಲ ಅತಿ ವೇಗದ ಏರುವ ಅಂಚು ಎಷ್ಟು ಕಾಲ ತೆಗೆದುಕೊಳ್ಳುತ್ತದೆ ಎಂಬುದು ಸಿಗುತ್ತದೆ. 200 ಕಿಲೋಹರ್ಟ್ಸ್ ಸ್ಕೋಪಿಗೆ ಅದು 1.75 ಮೈಕ್ರೋಸೆಕೆಂಡ್, 10 ಮೆಗಾಹರ್ಟ್ಸ್‌ಗೆ 35 ನ್ಯಾನೋಸೆಕೆಂಡ್, 100 ಮೆಗಾಹರ್ಟ್ಸ್‌ಗೆ 3.5 ನ್ಯಾನೋಸೆಕೆಂಡ್.

ಈ ಸಂಖ್ಯೆ ಕೆಲಸದಲ್ಲಿ ಹೇಗೆ ಕಾಡುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಹವ್ಯಾಸಿಗಳಲ್ಲಿ ಹೆಸರಾದ ಡಿಎಸ್‌ಒ138 ಕಿಟ್ 200 ಕಿಲೋಹರ್ಟ್ಸ್ ಬ್ಯಾಂಡ್‌ವಿಡ್ತ್‌ನದು. ಅದನ್ನು 100 ಕಿಲೋಹರ್ಟ್ಸ್ ಐ2ಸಿ ಬಸ್ಸಿಗೆ ಹಚ್ಚಿದ್ದೀರಿ ಎಂದುಕೊಳ್ಳಿ. ಐ2ಸಿಯಲ್ಲಿ ತಂತಿಯನ್ನು ಕೆಳಗೆಳೆಯುವುದು ಚಿಪ್. ಮೇಲಕ್ಕೆತ್ತುವುದು ಪುಲ್-ಅಪ್ ರೆಸಿಸ್ಟರ್. ರೆಸಿಸ್ಟರಿನ ಬೆಲೆ ಅತಿಯಾದರೆ ಏರುವ ಅಂಚು ದುಂಡಗಾಗಿ, ಸಂವಹನ ಕೆಡುತ್ತದೆ. ಸಾಮಾನ್ಯ ವೇಗದ ಐ2ಸಿಯಲ್ಲಿ ಆ ಅಂಚು 1 ಮೈಕ್ರೋಸೆಕೆಂಡ್ ಮೀರಬಾರದೆಂಬುದು ನಿಯಮ. ಈಗ ಪರದೆ ನೋಡಿ: ಅಂಚುಗಳು ದುಂಡಗಿವೆ. ಪುಲ್-ಅಪ್ ಸರಿಯಿಲ್ಲ ಎಂದು ತೀರ್ಮಾನಿಸಿ 10 ಕಿಲೋಓಮ್ ತೆಗೆದು 4.7 ಹಾಕುತ್ತೀರಿ. ಆಗಲೂ ದುಂಡಗೇ. 2.2 ಹಾಕುತ್ತೀರಿ. ಮತ್ತೂ ದುಂಡಗೇ. ಏಕೆಂದರೆ ಆ ದುಂಡು ಬಸ್ಸಿನದಲ್ಲ, ಸ್ಕೋಪಿನದು; ಅದರ ಸ್ವಂತ ಏರುವ ಕಾಲವೇ 1.75 ಮೈಕ್ರೋಸೆಕೆಂಡ್. ಕತ್ತಿಯಂಚಿನಷ್ಟು ನೇರವಾದ ಅಂಚನ್ನೂ ಅದು ಹಾಗೆಯೇ ತೋರಿಸುತ್ತದೆ. ಅದೇ ಸ್ಕೋಪಿನಲ್ಲಿ ಬಸ್ ಜೀವಂತವಾಗಿದೆಯೇ, ಗಡಿಯಾರದ ಪಲ್ಸ್ ಬರುತ್ತಿದೆಯೇ, ತಂತಿ ಕೆಳಮಟ್ಟದಲ್ಲೇ ಸಿಕ್ಕಿಕೊಂಡಿದೆಯೇ ಎಂದು ನೋಡಲು ಯಾವ ತೊಂದರೆಯೂ ಇಲ್ಲ. ಅಂಚಿನ ಬಗ್ಗೆ ಮಾತ್ರ ಅದನ್ನು ಸಾಕ್ಷಿ ಕೇಳಬಾರದು.

ಹಂತ 3: ಸ್ಯಾಂಪ್ಲಿಂಗ್ ದರ ಮತ್ತು ಮೆಮೊರಿಯನ್ನು ಜೊತೆಯಾಗಿ ಓದಿ

ಡಿಜಿಟಲ್ ಸ್ಕೋಪ್ ವೋಲ್ಟೇಜನ್ನು ಸತತವಾಗಿ ನೋಡುವುದಿಲ್ಲ, ಬಿಟ್ಟು ಬಿಟ್ಟು ನೋಡುತ್ತದೆ. ಸೆಕೆಂಡಿಗೆ ಎಷ್ಟು ಸಲ ಎಂಬುದೇ ಸ್ಯಾಂಪ್ಲಿಂಗ್ ದರ. ಸಿಗ್ನಲ್ಲಿನ ಆವರ್ತನದ ಎರಡು ಪಟ್ಟಿಗಿಂತ ಹೆಚ್ಚಿದ್ದರೆ ಸಾಕೆಂದು ಸಿದ್ಧಾಂತ ಹೇಳುತ್ತದೆ. ಆದರೆ ಸಿಕ್ಕ ಬಿಂದುಗಳನ್ನು ಬರಿಯ ಗೆರೆಯಿಂದ ಜೋಡಿಸುವ ಅಗ್ಗದ ಸ್ಕೋಪಿನಲ್ಲಿ ಒಂದು ಅಲೆಗೆ 10 ಬಿಂದುಗಳಾದರೂ ಇಲ್ಲದಿದ್ದರೆ ಆಕಾರ ಕಾಣುವುದಿಲ್ಲ. ಸೆಕೆಂಡಿಗೆ 10 ಲಕ್ಷ ಸ್ಯಾಂಪಲ್ ತೆಗೆಯುವ ಸ್ಕೋಪಿನಲ್ಲಿ ನೆಮ್ಮದಿಯಿಂದ ನೋಡಬಹುದಾದದ್ದು 100 ಕಿಲೋಹರ್ಟ್ಸ್‌ವರೆಗೆ ಮಾತ್ರ.

ಎರಡು ಪಟ್ಟಿಗಿಂತ ಕೆಳಗಿಳಿದರೆ ಏಲಿಯಾಸಿಂಗ್ ಶುರುವಾಗುತ್ತದೆ. ಚಲನಚಿತ್ರದಲ್ಲಿ ಓಡುವ ಗಾಡಿಯ ಚಕ್ರ ಹಿಮ್ಮುಖವಾಗಿ ತಿರುಗುವಂತೆ ಕಾಣುತ್ತದಲ್ಲ, ಅದೇ ಬಗೆ. ಸೆಕೆಂಡಿಗೆ 10 ಲಕ್ಷ ಸ್ಯಾಂಪಲ್ ತೆಗೆಯುವ ಸ್ಕೋಪಿಗೆ 990 ಕಿಲೋಹರ್ಟ್ಸ್ ಸಿಗ್ನಲ್ ಕೊಟ್ಟರೆ ಪರದೆಯ ಮೇಲೆ 10 ಕಿಲೋಹರ್ಟ್ಸ್‌ನ ಸೊಗಸಾದ ಅಲೆ ಮೂಡುತ್ತದೆ. ಎತ್ತರ ಕುಗ್ಗಿರಬಹುದು, ಆದರೆ ಅಂಥ ಅಲೆ ಸರ್ಕ್ಯೂಟಿನಲ್ಲಿ ಎಲ್ಲೂ ಇಲ್ಲ. ಪತ್ತೆ ಹಚ್ಚುವ ಉಪಾಯ ಸರಳವಾಗಿದೆ: ಕಾಲದ ಗುಂಡಿಯನ್ನು ಒಂದೆರಡು ಹಂತ ಆಚೀಚೆ ತಿರುಗಿಸಿ. ನಿಜವಾದ ಅಲೆಯಾದರೆ ಪರದೆಯ ಮೇಲಿನ ಚೌಕಗಳನ್ನು ಎಣಿಸಿ ಲೆಕ್ಕ ಹಾಕಿದ ಆವರ್ತನ ಬದಲಾಗುವುದಿಲ್ಲ. ಸುಳ್ಳು ಅಲೆಯಾದರೆ ಆವರ್ತನವೇ ಬೇರೆಯಾಗುತ್ತದೆ, ಇಲ್ಲವೇ ಅಲೆ ತೇಲಿಹೋಗತೊಡಗುತ್ತದೆ.

ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಅಚ್ಚಾಗಿರುವ ಸ್ಯಾಂಪ್ಲಿಂಗ್ ದರ ಗರಿಷ್ಠ ದರ. ಎಲ್ಲ ಹೊತ್ತಿನಲ್ಲೂ ಅದು ಸಿಗುವುದಿಲ್ಲ. ಕಾರಣ ಮೆಮೊರಿ. 1024 ಬಿಂದುಗಳ ಮೆಮೊರಿ ಇರುವ ಸ್ಕೋಪ್ ಸೆಕೆಂಡಿಗೆ 10 ಲಕ್ಷದಂತೆ ತುಂಬಿಸಿದರೆ ಒಂದು ಮಿಲಿಸೆಕೆಂಡಿನಲ್ಲಿ ಜಾಗ ಮುಗಿಯಿತು. 9600 ಬಾಡ್‌ನಲ್ಲಿ ಒಂದು ಅಕ್ಷರ ಹೋಗಲು ಹಿಡಿಯುವ ಕಾಲವೂ ಅಷ್ಟೇ. ಇನ್ನಷ್ಟು ಹೊತ್ತು ನೋಡಬೇಕೆಂದು ಕಾಲವನ್ನು ಹಿಗ್ಗಿಸಿದರೆ ಸ್ಕೋಪ್ ತಾನಾಗಿಯೇ ದರವನ್ನು ಇಳಿಸುತ್ತದೆ. ಚೌಕಕ್ಕೆ 10 ಮಿಲಿಸೆಕೆಂಡ್‌ನಂತೆ 12 ಚೌಕ, ಅಂದರೆ 120 ಮಿಲಿಸೆಕೆಂಡ್, ಅಷ್ಟೇ ಮೆಮೊರಿಯಲ್ಲಿ ಹಿಡಿಸಬೇಕಾದರೆ ಸೆಕೆಂಡಿಗೆ ಸುಮಾರು 8500 ಸ್ಯಾಂಪಲ್ ಮಾತ್ರ. ಆಗ 10 ಮೈಕ್ರೋಸೆಕೆಂಡಿನ ಪಲ್ಸ್ ಎರಡು ಬಿಂದುಗಳ ನಡುವೆ ಜಾರಿಹೋಗುತ್ತದೆ. ಎರಡು ಬಿಂದುಗಳ ನಡುವಿನ ಅತಿ ಹೆಚ್ಚು ಮತ್ತು ಅತಿ ಕಡಿಮೆ ವೋಲ್ಟೇಜನ್ನೂ ಹಿಡಿದಿಡುವ ‘ಪೀಕ್ ಡಿಟೆಕ್ಟ್’ ಎಂಬ ವಿಧಾನವಿದ್ದರೆ ಈ ಕೊರತೆ ತಕ್ಕಮಟ್ಟಿಗೆ ನೀಗುತ್ತದೆ. ಕೊಳ್ಳುವಾಗ ಅದಿದೆಯೇ ಎಂದು ನೋಡಿ.

ಇನ್ನೊಂದು ತಪಾಸಣೆ: ಎರಡು ಚಾನೆಲ್ ಇರುವ ಸ್ಕೋಪಿನಲ್ಲಿ ಎರಡನ್ನೂ ಬಳಸಿದಾಗ ದರ ಅರ್ಧವಾಗುತ್ತದೆಯೇ? ಹಲವು ಮಾದರಿಗಳಲ್ಲಿ ಆಗುತ್ತದೆ. ಬ್ಯಾಂಡ್‌ವಿಡ್ತ್ ಎಷ್ಟೆಂದು ಹೇಳದೆ ಸ್ಯಾಂಪ್ಲಿಂಗ್ ದರವನ್ನಷ್ಟೇ ಹೊಗಳಿಕೊಳ್ಳುವ ವಿವರಣಾ ಪಟ್ಟಿಯನ್ನು ನಾನು ನಂಬುವುದಿಲ್ಲ.

ಹಂತ 4: ವೋಲ್ಟೇಜ್ ಕಡೆ, ಮತ್ತು ಎಲ್ಲರೂ ಮರೆಯುವ ಪ್ರೋಬ್

ವೋಲ್ಟೇಜನ್ನು ಸಂಖ್ಯೆಯಾಗಿಸುವ 8 ಬಿಟ್ ಎಡಿಸಿ ಪರದೆಯ ಎತ್ತರವನ್ನು 256 ಮೆಟ್ಟಿಲುಗಳಾಗಿ ಒಡೆಯುತ್ತದೆ. ಎತ್ತರ 8 ಚೌಕವಿದ್ದು ಚೌಕಕ್ಕೆ 1 ವೋಲ್ಟ್ ಇಟ್ಟರೆ ಒಂದು ಮೆಟ್ಟಿಲು 31 ಮಿಲಿವೋಲ್ಟ್. 5 ವೋಲ್ಟ್ ವಿದ್ಯುತ್ ಪೂರೈಕೆಯ ಮೇಲಿರುವ 30 ಮಿಲಿವೋಲ್ಟ್ ಏರಿಳಿತ ಆ ವ್ಯಾಪ್ತಿಯಲ್ಲಿ ಕಾಣುವುದೇ ಇಲ್ಲ. ಅದಕ್ಕಾಗಿ ಎಸಿ ಕಪ್ಲಿಂಗ್‌ಗೆ ಬದಲಿಸಿ, 5 ವೋಲ್ಟಿನ ಭಾಗವನ್ನು ತಡೆದು, ಚೌಕಕ್ಕೆ 10 ಅಥವಾ 20 ಮಿಲಿವೋಲ್ಟ್‌ನಲ್ಲಿ ನೋಡಬೇಕು. ಆದ್ದರಿಂದ ಎಸಿ ಮತ್ತು ಡಿಸಿ ಕಪ್ಲಿಂಗ್ ಎರಡೂ ಇರಲೇಬೇಕು, ಅತಿ ಸೂಕ್ಷ್ಮ ವ್ಯಾಪ್ತಿ ಚೌಕಕ್ಕೆ 10 ಮಿಲಿವೋಲ್ಟ್ ಆದರೂ ಇರಬೇಕು. 12 ಬಿಟ್ ಎಂದು ಬರೆದಿದ್ದರೆ ಮೆಟ್ಟಿಲು ಸಣ್ಣದೇನೋ ಹೌದು. ಆದರೆ ಒಳಗಿನ ಗದ್ದಲ (ಬೇಡದ ವಿದ್ಯುತ್ ಏರಿಳಿತ) ಆ ಮೆಟ್ಟಿಲಿಗಿಂತ ದೊಡ್ಡದಾಗಿದ್ದರೆ ಹೆಚ್ಚಿನ ಬಿಟ್‌ಗಳಿಂದ ಪ್ರಯೋಜನವಿಲ್ಲ.

ಸರ್ಕ್ಯೂಟಿಗೆ ತಾಗಿಸುವ ಕಡ್ಡಿಯಾದ ಪ್ರೋಬಿನ ಮಾತು ಬಂದಾಗ ತುಸು ನಿಲ್ಲಬೇಕು. ಅಗ್ಗದ ಸ್ಕೋಪಿನ ಜೊತೆ ಎಷ್ಟೋ ಸಲ ಬರುವುದು ಎರಡು ಮೊಸಳೆ ಕ್ಲಿಪ್ ಇರುವ ತಂತಿ ಮಾತ್ರ. ಧ್ವನಿ ಸರ್ಕ್ಯೂಟಿಗೆ, ಪಿಡಬ್ಲ್ಯುಎಮ್‌ಗೆ ಅದು ನಡೆಯುತ್ತದೆ. ಅದರಾಚೆ ಹೋದರೆ 1 ಪಟ್ಟು (1X) ಮತ್ತು 10 ಪಟ್ಟು (10X, ಸಿಗ್ನಲ್ಲನ್ನು ಹತ್ತರಲ್ಲಿ ಒಂದಾಗಿಸುವುದು) ಸ್ವಿಚ್ ಇರುವ ನಿಜವಾದ ಪ್ರೋಬ್ ಬೇಕು. 1 ಪಟ್ಟಿನಲ್ಲಿಟ್ಟ ಸಾಮಾನ್ಯ ಪ್ರೋಬಿನ ಬ್ಯಾಂಡ್‌ವಿಡ್ತ್ 6 ಮೆಗಾಹರ್ಟ್ಸ್ ಆಸುಪಾಸು. ಸ್ಕೋಪ್ 100 ಮೆಗಾಹರ್ಟ್ಸ್‌ನದಾಗಿದ್ದರೂ ಪ್ರೋಬ್ ಅದನ್ನು ಅಲ್ಲಿಗೇ ಕಟ್ಟಿಹಾಕುತ್ತದೆ. ಜೊತೆಗೆ ಅದು ಸರ್ಕ್ಯೂಟಿನ ಮೇಲೆ ಸುಮಾರು 100 ಪಿಕೋಫ್ಯಾರಡ್ ಭಾರವನ್ನು ಹೇರುತ್ತದೆ. 22 ಪಿಕೋಫ್ಯಾರಡ್ ಕೆಪಾಸಿಟರ್‌ಗಳ ನಡುವೆ ಕಂಪಿಸುವ ಕ್ರಿಸ್ಟಲ್ಲಿಗೆ ಅದನ್ನು ತಾಗಿಸಿದರೆ ಕಂಪನವೇ ನಿಂತುಹೋಗಬಹುದು. ನೋಡಲು ಹೋಗಿ ಕೊಂದಂತಾಯಿತು. 10 ಪಟ್ಟಿನಲ್ಲಿ ಭಾರ 15 ಪಿಕೋಫ್ಯಾರಡ್‌ನಷ್ಟಕ್ಕೆ ಇಳಿಯುತ್ತದೆ, ಆದರೆ ಸಿಗ್ನಲ್ ಹತ್ತರಲ್ಲಿ ಒಂದಾಗುವುದರಿಂದ ಚೌಕಕ್ಕೆ 10 ಮಿಲಿವೋಲ್ಟ್ ಇದ್ದದ್ದು 100 ಆಗುತ್ತದೆ. ಹೀಗಾಗಿ ಸಣ್ಣ ಏರಿಳಿತ ನೋಡಲು 1 ಪಟ್ಟು, ಮಿಕ್ಕೆಲ್ಲ ಕೆಲಸಕ್ಕೂ 10 ಪಟ್ಟು. ಸ್ಕೋಪಿನ ಜೋಡಣೆ ಬಿಎನ್‌ಸಿ (ತಿರುಗಿಸಿ ಬಿಗಿಸುವ ದುಂಡಗಿನ ಪ್ಲಗ್) ಆಗಿದ್ದರೆ ಮುಂದೆ ಬೇರೆ ಪ್ರೋಬ್ ಕೊಳ್ಳುವುದು ಸುಲಭ.

ಹಂತ 5: ಟ್ರಿಗರ್

1947ರಲ್ಲಿ ಬಂದ ಟೆಕ್ಟ್ರಾನಿಕ್ಸ್ 511 ಸ್ಕೋಪ್ ಹೆಸರು ಮಾಡಿದ್ದು ಟ್ರಿಗರ್‌ನಿಂದ ಚಲಿಸುವ ಗೆರೆಯಿಂದಾಗಿ. ಸಿಗ್ನಲ್ ಒಂದು ನಿರ್ದಿಷ್ಟ ಮಟ್ಟವನ್ನು ದಾಟಿದಾಗಲಷ್ಟೇ ಗೆರೆ ಹೊರಡುವುದರಿಂದ ಚಿತ್ರ ಪ್ರತಿ ಸಲವೂ ಒಂದೇ ಜಾಗದಲ್ಲಿ ನಿಲ್ಲುತ್ತದೆ. ಇಂದಿನ ಅಂಗೈಯಗಲದ ಸ್ಕೋಪನ್ನೂ ಅಳೆಯುವ ಸಾಧನವನ್ನಾಗಿ ಮಾಡುವುದು ಇದೇ.

ಆಟೊ (ಟ್ರಿಗರ್ ಆಗದಿದ್ದರೂ ಗೆರೆ ಓಡುತ್ತದೆ), ನಾರ್ಮಲ್ (ಟ್ರಿಗರ್ ಆದಾಗಲೆಲ್ಲ ಓಡುತ್ತದೆ), ಸಿಂಗಲ್ (ಒಂದೇ ಸಲ ಹಿಡಿದು ನಿಲ್ಲುತ್ತದೆ) ಎಂಬ ಮೂರು ವಿಧಾನಗಳು, ಏರುವ ಅಂಚು ಮತ್ತು ಇಳಿಯುವ ಅಂಚಿನ ಆಯ್ಕೆ, ಕೈಯಿಂದ ಹೊಂದಿಸಬಹುದಾದ ಮಟ್ಟ. ಇವಿಷ್ಟರಲ್ಲಿ ಒಂದು ಇಲ್ಲದಿದ್ದರೂ ಆ ಸ್ಕೋಪ್ ಬೇಡ ಎನ್ನುತ್ತೇನೆ, ಬೇರೆ ಸಂಖ್ಯೆಗಳು ಎಷ್ಟೇ ಚೆನ್ನಾಗಿರಲಿ. ಅದರಲ್ಲೂ ಸಿಂಗಲ್ ಮುಖ್ಯ. ಗುಂಡಿ ಒತ್ತಿದ ಕ್ಷಣ, ರಿಲೇ ಬಿದ್ದ ಕ್ಷಣ, ವಿದ್ಯುತ್ ಬಂದ ಕ್ಷಣ: ಹವ್ಯಾಸಿಯನ್ನು ಕಾಡುವ ದೋಷಗಳೆಲ್ಲ ಒಮ್ಮೆ ಬಂದು ಮರೆಯಾಗುವಂಥವು. ಟ್ರಿಗರ್ ಆಗುವುದಕ್ಕೆ ಮುಂಚೆ ಏನಾಯಿತು ಎಂಬುದನ್ನೂ ಪರದೆಯ ಎಡಭಾಗದಲ್ಲಿ ತೋರಿಸುವಂತಿದ್ದರೆ ಇನ್ನೂ ಒಳ್ಳೆಯದು.

ಹಂತ 6: ತಾಗಿಸುವ ಮುನ್ನ

230 ವೋಲ್ಟ್ ಎಂದು ಕರೆಯುವ ಮನೆಯ ವಿದ್ಯುತ್ತಿನ ತುದಿ 325 ವೋಲ್ಟ್. 120 ವೋಲ್ಟಿನದು 170. ಡಿಎಸ್‌ಒ138ನಂಥ ಸ್ಕೋಪಿನ ಗರಿಷ್ಠ ಮಿತಿ 50 ವೋಲ್ಟ್. ಅಗ್ಗದ ಪುಟ್ಟ ಸ್ಕೋಪನ್ನು ಗೋಡೆಯ ವಿದ್ಯುತ್ತಿಗೆ ಯಾವ ಕಾರಣಕ್ಕೂ ತಾಗಿಸಬೇಡಿ. 10 ಪಟ್ಟಿನ ಪ್ರೋಬ್ ಇದೆ, ಲೆಕ್ಕದ ಪ್ರಕಾರ ತಡೆಯುತ್ತದೆ ಎಂಬ ವಾದವೂ ಬೇಡ. ಕೈತಪ್ಪಿ ಸ್ವಿಚ್ 1 ಪಟ್ಟಿಗೆ ಸರಿದರೆ ಮುಗಿಯಿತು.

ಬ್ಯಾಟರಿಯಲ್ಲಿ ನಡೆಯುವುದರಿಂದ ಗ್ರೌಂಡ್ ಕ್ಲಿಪ್ಪನ್ನು ಸರ್ಕ್ಯೂಟಿನ ಯಾವ ಬಿಂದುವಿಗಾದರೂ ಹಾಕಬಹುದು ಎನ್ನುವುದು ನಿಜ. ಆದರೆ ಆ ಬಿಂದುವಿನ ವೋಲ್ಟೇಜ್ ಸ್ಕೋಪಿನ ಲೋಹದ ಭಾಗಗಳಿಗೂ ಬರುತ್ತದೆ, ಅವು ನಿಮ್ಮ ಕೈಯಲ್ಲಿರುತ್ತವೆ. 30 ವೋಲ್ಟ್ ಮೀರಿದ ಬಿಂದುವಿಗೆ ಕ್ಲಿಪ್ ಹಾಕುವುದಿಲ್ಲ ಎಂಬುದು ನನ್ನ ಕಟ್ಟುನಿಟ್ಟಿನ ಗೆರೆ. ಅಳೆಯುತ್ತಿರುವಾಗ ಸ್ಕೋಪನ್ನು ಚಾರ್ಜಿಗೆ ಹಾಕಿದರೆ ಈ ಸ್ವಾತಂತ್ರ್ಯವೂ ಹೋಯಿತು. ಸ್ಕೋಪ್ ಮತ್ತು ನಿಮ್ಮ ಬೋರ್ಡು ಒಂದೇ ಕಂಪ್ಯೂಟರಿನ ಯುಎಸ್‌ಬಿಗೆ ಸೇರಿದ್ದರೆ ಎರಡರ ಗ್ರೌಂಡೂ ಒಂದೇ. ಆಗ ಕ್ಲಿಪ್ ಬೇರೆಡೆ ತಾಗಿದರೆ ಶಾರ್ಟ್ ಆಗುತ್ತದೆ. ಎರಡು ಚಾನೆಲ್‌ಗಳ ಕ್ಲಿಪ್‌ಗಳೂ ಒಳಗೆ ಒಂದೇ ಎಂಬುದನ್ನು ನೆನಪಿಡಿ.

ರಿಲೇ, ಮೋಟರ್ ಇರುವಲ್ಲಿ ಪೂರೈಕೆ 12 ವೋಲ್ಟೇ ಆದರೂ ಎಚ್ಚರ ಬೇಕು. ಡಯೋಡ್ ಇಲ್ಲದ ರಿಲೇ ಸುರುಳಿ ಆಫ್ ಆದಾಗ ನೂರಾರು ವೋಲ್ಟ್ ಚಿಮ್ಮಬಲ್ಲದು. ಸ್ಕೋಪಿನ ಪ್ರವೇಶ ಭಾಗ ಸುಡುವುದು ಹೆಚ್ಚಾಗಿ ಇಂಥಲ್ಲೇ.

ಹಂತ 7: ಕೈಗೆ ಬಂದ ಸ್ಕೋಪನ್ನು ಒರೆಗೆ ಹಚ್ಚಿ

ವಾಪಸು ಕೊಡುವ ಅವಧಿ ಮುಗಿಯುವ ಮೊದಲು ಈ ಪರೀಕ್ಷೆಗಳನ್ನು ಮಾಡಿ. ಬೇಕಾದದ್ದು ಒಂದು ಮಲ್ಟಿಮೀಟರ್, ಒಂದೆರಡು ಬ್ಯಾಟರಿ, ಒಂದು ಆರ್ಡುಯಿನೊ ಊನೊ ಅಥವಾ ಅಂಥದೇ ಬೋರ್ಡು, ಒಂದು ಒತ್ತುಗುಂಡಿ.

ಮೊದಲು ಗದ್ದಲ. ಪ್ರೋಬಿನ ತುದಿಯನ್ನು ಅದರದೇ ಗ್ರೌಂಡ್ ಕ್ಲಿಪ್ಪಿಗೆ ಸೇರಿಸಿ, ಅತಿ ಸೂಕ್ಷ್ಮ ವ್ಯಾಪ್ತಿಯಲ್ಲಿಡಿ. ಗೆರೆ ತೆಳ್ಳಗೆ, ಶೂನ್ಯದ ಮೇಲೆ ಇರಬೇಕು. ಚೌಕಕ್ಕೆ 10 ಮಿಲಿವೋಲ್ಟ್ ಇರುವಾಗ ಗೆರೆಯೇ ಅರ್ಧ ಚೌಕ ದಪ್ಪಗಿದ್ದರೆ 5 ಮಿಲಿವೋಲ್ಟಿಗಿಂತ ಸಣ್ಣದನ್ನು ಅದರಲ್ಲಿ ಹುಡುಕುವುದು ವ್ಯರ್ಥ. ಚಾರ್ಜರ್ ಜೋಡಿಸಿ ಮತ್ತೊಮ್ಮೆ ನೋಡಿ. ಗದ್ದಲ ಹೆಚ್ಚಿದರೆ ಚಾರ್ಜ್ ಆಗುವಾಗ ಅಳೆಯಬಾರದೆಂದು ಖಚಿತವಾಯಿತು.

ಆಮೇಲೆ ಬ್ಯಾಟರಿಗಳ ವೋಲ್ಟೇಜನ್ನು ಮಲ್ಟಿಮೀಟರಿನೊಂದಿಗೆ ತಾಳೆ ನೋಡಿ, ವ್ಯಾಪ್ತಿ ಬದಲಿಸಿ ಬದಲಿಸಿ. ಶೇ. 3ರ ವ್ಯತ್ಯಾಸ ಸ್ಕೋಪುಗಳಲ್ಲಿ ಸಹಜ. ಒಂದು ವ್ಯಾಪ್ತಿಯಲ್ಲಿ ಸರಿಯಿದ್ದು ಇನ್ನೊಂದರಲ್ಲಿ ಶೇ. 10 ತಪ್ಪಿದರೆ ಸಿಗ್ನಲ್ಲನ್ನು ವ್ಯಾಪ್ತಿಗೆ ತಕ್ಕಂತೆ ಇಳಿಸುವ ಒಳಗಿನ ಅಟೆನ್ಯುಯೇಟರ್ ಸರಿಯಿಲ್ಲ. ಕಾಲವನ್ನು ಪರೀಕ್ಷಿಸಲು ಊನೊದ 9ನೆಯ ಪಿನ್ನಿನ ಪಿಡಬ್ಲ್ಯುಎಮ್ ಸಾಕು: ಅಲೆಯ ಅವಧಿ ಸುಮಾರು 2.04 ಮಿಲಿಸೆಕೆಂಡ್ ಬರಬೇಕು.

ಪ್ರೋಬನ್ನು 10 ಪಟ್ಟಿಗೆ ಇಟ್ಟು, ಸ್ಕೋಪಿನ ಸ್ವಂತ ಪರೀಕ್ಷಾ ಸಿಗ್ನಲ್ಲಿಗೆ ತಾಗಿಸಿ. ಹೆಚ್ಚಾಗಿ ಅದು 1 ಕಿಲೋಹರ್ಟ್ಸ್ ಚೌಕ ಅಲೆ. ಮೂಲೆ ಕೊಂಬಿನಂತೆ ಮೇಲೆದ್ದಿದ್ದರೆ ಅಥವಾ ಸವೆದಂತೆ ದುಂಡಗಿದ್ದರೆ ಪ್ರೋಬಿನಲ್ಲಿರುವ ಪುಟ್ಟ ತಿರುಪನ್ನು ತಿರುಗಿಸಿ ನೇರಮಾಡಿ. ಎಷ್ಟು ತಿರುಗಿಸಿದರೂ ನೇರವಾಗದಿದ್ದರೆ ಆ ಪ್ರೋಬ್ ಆ ಸ್ಕೋಪಿಗೆ ಹೊಂದುವುದಿಲ್ಲ.

ಈಗ ಮುಖ್ಯವಾದ ಪರೀಕ್ಷೆ, ನಿಜವಾದ ಬ್ಯಾಂಡ್‌ವಿಡ್ತ್. ಊನೊದ 16 ಬಿಟ್ ಟೈಮರ್ 1 ಅನ್ನು ಸಿಟಿಸಿ ವಿಧಾನದಲ್ಲಿಟ್ಟು (ಹೋಲಿಕೆಯ ಸಂಖ್ಯೆಯವರೆಗೆ ಎಣಿಸಿ ಮತ್ತೆ ಸೊನ್ನೆಯಿಂದ ಶುರು), ಪೂರ್ವಭಾಜಕವಿಲ್ಲದೆ (ಗಡಿಯಾರವನ್ನು ನಿಧಾನಿಸದೆ), 9ನೆಯ ಪಿನ್ ಪ್ರತಿ ಹೋಲಿಕೆಗೂ ಮಗುಚುವಂತೆ ಮಾಡಿದರೆ ಆವರ್ತನ ಹೀಗೆ ಬರುತ್ತದೆ: 8 ಮೆಗಾಹರ್ಟ್ಸ್ ಅನ್ನು ಹೋಲಿಕೆಯ ಸಂಖ್ಯೆಗಿಂತ ಒಂದು ಹೆಚ್ಚಿನಿಂದ ಭಾಗಿಸಬೇಕು. ಹೋಲಿಕೆಯ ಸಂಖ್ಯೆ 799 ಆದರೆ 10 ಕಿಲೋಹರ್ಟ್ಸ್, 79 ಆದರೆ 100 ಕಿಲೋಹರ್ಟ್ಸ್, 7 ಆದರೆ 1 ಮೆಗಾಹರ್ಟ್ಸ್, 1 ಆದರೆ 4, 0 ಆದರೆ 8 ಮೆಗಾಹರ್ಟ್ಸ್. ಒಂದೊಂದಾಗಿ ಏರಿಸುತ್ತಾ ಪರದೆ ನೋಡಿ. ಮೂಲೆಗಳು ಮೊದಲು ದುಂಡಗಾಗುತ್ತವೆ, ಆಮೇಲೆ ಚೌಕ ಅಲೆ ಸೈನ್ ಅಲೆಯಂತಾಗುತ್ತದೆ, ಕೊನೆಗೆ ಎತ್ತರ ಕುಸಿಯುತ್ತದೆ. ಇಲ್ಲೊಂದು ಸೂಕ್ಷ್ಮವಿದೆ. ಚೌಕ ಅಲೆಯ ಮೂಲ ಆವರ್ತನದ ಅಂಶ ಅಲೆಗಿಂತ 1.27 ಪಟ್ಟು ಎತ್ತರವಾಗಿರುವುದರಿಂದ, 5 ವೋಲ್ಟಿನ ಚೌಕ ಅಲೆ ಬ್ಯಾಂಡ್‌ವಿಡ್ತ್‌ನ ಅಂಚಿನಲ್ಲೂ 4.5 ವೋಲ್ಟ್ ಆಸುಪಾಸಿನಲ್ಲಿ ಕಾಣುತ್ತದೆ. 3.5ಕ್ಕೆ ಇಳಿಯಲಿ ಎಂದು ಕಾದರೆ ಗಡಿಯನ್ನು ಆಗಲೇ ದಾಟಿರುತ್ತೀರಿ.

ಸ್ಯಾಂಪ್ಲಿಂಗ್ ವೇಗವಾಗಿರುವ ಸ್ಕೋಪಿನಲ್ಲಿ ಇನ್ನೊಂದು ದಾರಿಯಿದೆ. ಅದೇ ಪಿನ್ನಿನ ಒಂದು ಏರುವ ಅಂಚನ್ನು ಅತಿ ವೇಗದ ಕಾಲದಲ್ಲಿ ಹಿಡಿದು, ಎತ್ತರದ ಶೇ. 10ರಿಂದ ಶೇ. 90ರವರೆಗೆ ಏರಲು ಎಷ್ಟು ಕಾಲ ಹಿಡಿಯಿತೆಂದು ಅಳೆಯಿರಿ. ಮೈಕ್ರೋಕಂಟ್ರೋಲರಿನ ಅಂಚು ಕೆಲವೇ ನ್ಯಾನೋಸೆಕೆಂಡಿನದು. ಪರದೆಯಲ್ಲಿ 35 ನ್ಯಾನೋಸೆಕೆಂಡ್ ಬಂದರೆ 0.35 ಅನ್ನು ಅದರಿಂದ ಭಾಗಿಸಿ: ಸ್ಕೋಪ್ ಮತ್ತು ಪ್ರೋಬ್ ಸೇರಿ ನಿಜವಾಗಿ 10 ಮೆಗಾಹರ್ಟ್ಸ್. ಪೆಟ್ಟಿಗೆಯ ಮೇಲೆ 100 ಎಂದಿದ್ದರೂ ನಿಮ್ಮ ಪಾಲಿಗೆ ಅದು 10. 100ಕ್ಕೆ ಹತ್ತಿರದ ಸ್ಕೋಪನ್ನು ಪರೀಕ್ಷಿಸುವಾಗ ಮಾತ್ರ ಮೈಕ್ರೋಕಂಟ್ರೋಲರಿನ ಅಂಚೇ ನಿಧಾನವಾಗಿಬಿಡುತ್ತದೆ. ಆಗ ವೇಗದ ಅಂಚು ಕೊಡುವ 74ಎಸಿ ಸರಣಿಯ ಲಾಜಿಕ್ ಗೇಟೊಂದನ್ನು ನಡುವೆ ಸೇರಿಸಿ, ಗ್ರೌಂಡ್ ತಂತಿಯನ್ನು ಆದಷ್ಟು ಗಿಡ್ಡವಾಗಿಡಿ. ಉದ್ದನೆಯ ಗ್ರೌಂಡ್ ತಂತಿ ಅಂಚಿನ ಹಿಂದೆ ಸರ್ಕ್ಯೂಟಿನಲ್ಲಿಲ್ಲದ ಅಲೆಗಳನ್ನು ತೋರಿಸುತ್ತದೆ.

ಟ್ರಿಗರ್ ಪರೀಕ್ಷೆಗೆ 5 ವೋಲ್ಟಿನಿಂದ 10 ಕಿಲೋಓಮ್, ಅಲ್ಲಿಂದ ಗುಂಡಿಯ ಮೂಲಕ ಗ್ರೌಂಡ್. ಎರಡರ ನಡುವಿನ ಬಿಂದುವಿಗೆ ಪ್ರೋಬ್. ಇಳಿಯುವ ಅಂಚು, ಮಟ್ಟ 2.5 ವೋಲ್ಟ್, ಚೌಕಕ್ಕೆ 1 ಮಿಲಿಸೆಕೆಂಡ್, ಸಿಂಗಲ್. ಗುಂಡಿ ಒತ್ತಿ. 5 ವೋಲ್ಟಿನಲ್ಲಿದ್ದ ಗೆರೆ ಕೆಳಗೆ ಬೀಳುತ್ತದೆ. ಸವೆದ ಗುಂಡಿಯಾದರೆ ಅದು ಬಿದ್ದು, ಎದ್ದು, ಮತ್ತೆ ಬಿದ್ದು, ಕೆಲವು ಮಿಲಿಸೆಕೆಂಡ್ ತತ್ತರಿಸಿ ಆಮೇಲೆ ನೆಲೆ ನಿಲ್ಲುತ್ತದೆ. ಒಮ್ಮೆ ಒತ್ತಿದರೆ ಎಣಿಕೆ ಮೂರು ಏರುವುದೇಕೆ ಎಂಬುದು ಆ ಒಂದು ಚಿತ್ರದಲ್ಲಿ ತಿಳಿಯುತ್ತದೆ. ಇದನ್ನು ಹಲವು ಸಲ ಮಾಡಿ. ಪ್ರತಿ ಒತ್ತಿಗೂ ಚಿತ್ರ ಸಿಗಬೇಕು. ನಡುನಡುವೆ ತಪ್ಪಿದರೆ, ನಿಮಗೆ ತುರ್ತಾಗಿ ಬೇಕಾದ ಹೊತ್ತಿನಲ್ಲೂ ತಪ್ಪುತ್ತದೆ.

ಗುಂಡಿಗಳು ಒತ್ತಿದ ತಕ್ಷಣ ಸ್ಪಂದಿಸುತ್ತವೆಯೇ, ಬಿಸಿಲಿನಲ್ಲಿ ಪರದೆ ಕಾಣುತ್ತದೆಯೇ, ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಎಂಬುದನ್ನು ಬಳಸುತ್ತಲೇ ಗಮನಿಸಿ.

ಹಂತ 8: ತೀರ್ಮಾನ

ಮೊದಲ ಹಂತದ ಪಟ್ಟಿಯನ್ನು ಮತ್ತೆ ಎದುರಿಗಿಟ್ಟುಕೊಳ್ಳಿ. ಧ್ವನಿ, ಪಿಡಬ್ಲ್ಯುಎಮ್, ಸರ್ವೋ, ಸಂವೇದಕಗಳು, ರಿಮೋಟ್, ನಿಧಾನದ ಸೀರಿಯಲ್, ಟ್ರಾನ್ಸ್‌ಫಾರ್ಮರ್ ಪೂರೈಕೆಯ ಏರಿಳಿತ: ಪಟ್ಟಿ ಇಷ್ಟರಲ್ಲೇ ಮುಗಿದರೆ 200 ಕಿಲೋಹರ್ಟ್ಸ್ ಸ್ಕೋಪ್ ಕೂಡ ವರ್ಷಗಟ್ಟಲೆ ನಿಮ್ಮ ಕೈ ಬಿಡುವುದಿಲ್ಲ. ಕಲಿಯುವವರಿಗಂತೂ ಅದನ್ನೇ ಕೊಳ್ಳಿ ಎಂದು ಧೈರ್ಯವಾಗಿ ಹೇಳುತ್ತೇನೆ. ಅಲೆಯನ್ನು ಕಣ್ಣಾರೆ ನೋಡದೆ ವರ್ಷ ಕಳೆಯುವುದಕ್ಕಿಂತ, ಮಿತಿಯುಳ್ಳ ಪರದೆಯಲ್ಲಾದರೂ ಇಂದೇ ನೋಡುವುದು ಮೇಲು.

ಐ2ಸಿಯ ಅಂಚು, ಎಲ್‌ಇಡಿ ಪಟ್ಟಿಯ ಪಲ್ಸ್, 150 ಕಿಲೋಹರ್ಟ್ಸ್ ಸ್ವಿಚ್ಚಿಂಗ್ ಪೂರೈಕೆಯ ಅಲೆಯ ಆಕಾರ ಪಟ್ಟಿಯಲ್ಲಿದ್ದರೆ ಪರೀಕ್ಷೆಯಲ್ಲಿ ನಿಜವಾಗಿ 10 ಮೆಗಾಹರ್ಟ್ಸ್ ಮುಟ್ಟುವ, ಸೆಕೆಂಡಿಗೆ 5ರಿಂದ 10 ಕೋಟಿ ಸ್ಯಾಂಪಲ್ ತೆಗೆಯುವ ಸ್ಕೋಪ್ ಬೇಕು. ಕೈಯಲ್ಲಿ ಹಿಡಿಯುವ ಮಾದರಿಗಳಲ್ಲೂ ಇವು ಸಿಗುತ್ತವೆ. ಆಂಪ್ಲಿಫೈಯರಿನ ಒಳಹರಿವು ಮತ್ತು ಹೊರಹರಿವನ್ನು, ಅಥವಾ ಗಡಿಯಾರ ಮತ್ತು ದತ್ತಾಂಶವನ್ನು ಜೊತೆಯಾಗಿ ನೋಡಬೇಕಾದರೆ ಎರಡು ಚಾನೆಲ್‌ಗಾಗಿ ಹೆಚ್ಚು ತೆತ್ತರೂ ನಷ್ಟವಿಲ್ಲ.

ವೇಗದ ಎಸ್‌ಪಿಐ ಸಿಗ್ನಲ್ಲಿನ ಆಕಾರ, ಕ್ರಿಸ್ಟಲ್, ರೇಡಿಯೊ, ಸ್ವಿಚ್ಚಿಂಗ್ ಪೂರೈಕೆಯ ಅಂಚಿನಲ್ಲಿ ಬರುವ ಹತ್ತಾರು ಮೆಗಾಹರ್ಟ್ಸ್ ಕಂಪನ: ಇವು ಪಟ್ಟಿಯ ಮೇಲುಭಾಗದಲ್ಲಿದ್ದರೆ ಪುಟ್ಟ ಸ್ಕೋಪಿಗೆ ಹಣ ಹಾಕಬೇಡಿ, ಮೇಜಿನ ಸ್ಕೋಪಿಗಾಗಿ ಕೂಡಿಡಿ. ಪೂರ್ತಿ ಕೆಲಸ ಮಾಡುವ ಹಳೆಯ 20 ಮೆಗಾಹರ್ಟ್ಸ್ ಕೊಳವೆ ಪರದೆಯ ಅನಲಾಗ್ ಸ್ಕೋಪ್ ಸಿಕ್ಕಿದರೆ ಅದೂ ಯೋಗ್ಯವೇ: ಏಲಿಯಾಸಿಂಗ್ ಎಂಬುದೇ ಅದರಲ್ಲಿಲ್ಲ. ಒಮ್ಮೆ ಬಂದು ಮರೆಯಾಗುವ ಘಟನೆಯನ್ನು ಮಾತ್ರ ಅದು ಹಿಡಿದಿಡುವುದಿಲ್ಲ.

ಒಂದು ವೇಳೆ ನಿಮಗೆ ಬೇಕಾದದ್ದು ಅಲೆಯ ಆಕಾರವಲ್ಲ, ಬಸ್ಸಿನಲ್ಲಿ ಹೋಗುತ್ತಿರುವ ಬೈಟ್‌ಗಳು ಎಂದಾದರೆ ಅದಕ್ಕೆ ಸ್ಕೋಪ್ ಸರಿಯಾದ ಸಾಧನವೇ ಅಲ್ಲ. ಎಂಟು ಚಾನೆಲ್‌ಗಳ, ಸೆಕೆಂಡಿಗೆ 2.4 ಕೋಟಿ ಸ್ಯಾಂಪಲ್ ತೆಗೆಯುವ ಯುಎಸ್‌ಬಿ ಲಾಜಿಕ್ ಅನಲೈಸರ್ ಅತಿ ಅಗ್ಗದ ಸ್ಕೋಪಿನಷ್ಟೇ ಅಗ್ಗ. ಐ2ಸಿ, ಸೀರಿಯಲ್, ನಿಧಾನದ ಎಸ್‌ಪಿಐ ಇವೆಲ್ಲವನ್ನೂ ಅಕ್ಷರ ಅಕ್ಷರವಾಗಿ ಬಿಡಿಸಿ ತೋರಿಸುತ್ತದೆ. ಅದಕ್ಕೆ 0 ಮತ್ತು 1 ಮಾತ್ರ ಗೊತ್ತು. 3.3 ವೋಲ್ಟ್ ಇರಬೇಕಾದಲ್ಲಿ 1.9 ವೋಲ್ಟ್ ಇದ್ದರೆ ಅದನ್ನು ಹಿಡಿಯಲು ಪಕ್ಕದಲ್ಲಿ ಆ ಪುಟ್ಟ ಸ್ಕೋಪ್ ಇರಲಿ. ಹೆಚ್ಚಿನ ಹವ್ಯಾಸಿ ಮೇಜುಗಳಿಗೆ ನಾನು ಮೊದಲು ಸೂಚಿಸುವ ಜೋಡಿ ಇದೇ.